ಬೋರಲಿಂಗಯ್ಯನ ಹಾಡಿಗೆ ಯಾರು ನಿಲ್ಲುತ್ತಾರೆ

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಹೇಗೆ ಹೋದರು ಅಂತ ಕೇಳುವುದಕ್ಕೆ ಮೊದಲೇ ಅವರ ಹಾಡು ಹೇಗಿತ್ತು ಅಂತ ಕೇಳುತ್ತಾರೆ. ಕೇಳುವವರದು ಕಲ್ಲು ಮನಸ್ಸು ಅಂತ ತಿಳಿಯಬಾರದು. ಹನ್ನೊಂದನೆಯ ದಿನ ಮನೆಯವರು ಬೀದಿಗೆ ಬಂದು ಸತ್ತವರ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡುತ್ತಾರೆ, ಅಲ್ಲಿಂದಾಚೆಗೆ ಅದು ಊರಿನದು. ಚೆನ್ನಾಗಿದ್ದರೆ ಹಪ್ಪಳ ಒತ್ತುವಾಗ, ಸೀಮಂತದಲ್ಲಿ, ಸೈಕಲ್ ತುಳಿಯುವಾಗ ಯಾರು ಬೇಕಾದರೂ ಹಾಡಿಕೊಳ್ಳಬಹುದು. ಚೆನ್ನಾಗಿಲ್ಲದಿದ್ದರೆ ತಿಂಗಳೊಪ್ಪತ್ತಿನಲ್ಲಿ ಮರೆತುಹೋಗುತ್ತದೆ, ಹಾಡಿನ ಜೊತೆಗೆ ಆಸಾಮಿಯೂ.

ಬದುಕಿರುವ ತನಕ ಮಾತ್ರ ಒಬ್ಬರ ಹಾಡಿಗೆ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ. ತೊಟ್ಟಿಲಲ್ಲಿ ಮಗು ತಾನಾಗಿ ಗುನುಗಿದ ರಾಗಕ್ಕೆ ಸೋದರತ್ತೆ ಮಾತು ಕೂಡಿಸುತ್ತಾಳೆ. ಅದು ಆ ಮಗುವಿನದು, ಅಲ್ಲಿಗೆ ಮುಗಿಯಿತು. ಬೇರೆಯವರು ಅದನ್ನು ಪೂರ್ತಿ ಹಾಡಿಬಿಟ್ಟರೆ ಹಾಡು ಇದ್ದವರನ್ನು ಬಿಟ್ಟು ಹೊರಟುಹೋಗುತ್ತದೆ. ಹಾಗೆ ಹಾಡು ಬಿಟ್ಟುಹೋದವನು ನಮ್ಮಲ್ಲಿ ಒಬ್ಬನಿದ್ದಾನೆ, ಕೆಂಚಪ್ಪ. ಸಾರಿಗೆ ಉಪ್ಪು ಜಾಸ್ತಿಯಾದ ಜಗಳದಲ್ಲಿ ಅವನ ಹೆಂಡತಿ ಅವನ ಹಾಡನ್ನು ಅಣಕಿಸುತ್ತ ಅಣಕಿಸುತ್ತ ಕೋಪದ ಭರದಲ್ಲಿ ಕೊನೆಯ ಸಾಲನ್ನೂ ಹಾಡಿಬಿಟ್ಟಳು. ಆಮೇಲೆ ಬಾಯಿ ಬಡಿದುಕೊಂಡು ಏನು ಬಂತು. ಕೆಂಚಪ್ಪ ಅವತ್ತಿನಿಂದ ಮೋರಿ ಕಟ್ಟೆಯ ಮೇಲೆ ಕೂತು ಹೋಗಿಬರುವ ಗಾಡಿ ನೋಡುತ್ತಾನೆ. ಉಣ್ಣುತ್ತಾನೆ, ಮಾತಾಡಿಸಿದರೆ ಮಾತಾಡುತ್ತಾನೆ. ಅದಕ್ಕೇ ನಮ್ಮೂರಿನ ಗಂಡಹೆಂಡಿರು ಎಷ್ಟೇ ಕಿತ್ತಾಡಿದರೂ ಕೊನೆಯ ಸಾಲಿಗೆ ಮುಂಚೆ ನಿಲ್ಲಿಸುತ್ತಾರೆ.

ನಾನು ಊರಿನ ಟಾಕೀಸಿನ ಬಾಗಿಲಲ್ಲಿ ಟಿಕೇಟು ಹರಿಯುವವನು. ಹೆಸರು ಚೆನ್ನಿಗಪ್ಪ. ನನ್ನ ಕಥೆ ಇದಲ್ಲ, ಬಾಲವಾಡಿಯ ಲಿಂಗಾಜಮ್ಮ ಟೀಚರ್ ಅವರದು. ಅದರಲ್ಲಿ ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ, ಅಷ್ಟೆ.

ಮೊದಲ ಪಿಕ್ಚರ್ ತೆಗೆದವನು ಪಾಲಾಕ್ಷ. ಅವನು ನಮ್ಮೂರಿನ ಅಳಿಯ, ಹೊರಗಿನಿಂದ ಬಂದವನು, ಸ್ವಂತ ಹಾಡಿಲ್ಲದವನು. ತನ್ನದು ಅಂತ ಒಂದು ಇಲ್ಲದ್ದರಿಂದಲೇ ಅವನಿಗೆ ಮಿಕ್ಕವರದೆಲ್ಲ ಸಮನಾಗಿ ಕೇಳಿಸುತ್ತಿತ್ತೋ ಏನೋ. ಸತ್ತವರ ಹಾಡುಗಳಲ್ಲಿ ಒಳ್ಳೆಯವನ್ನು ಆರಿಸಿ ಒಂದು ಕಥೆಯ ದಾರಕ್ಕೆ ಪೋಣಿಸಿದ. ಕಥೆ ಅಂದರೆ ಎಂಥದು, ಮದುವೆ ದಿಬ್ಬಣದ ಬಸ್ಸು ನಮ್ಮಂಥದೇ ಒಂದೂರಿನಲ್ಲಿ ಕೆಟ್ಟು ನಿಲ್ಲುತ್ತದೆ, ಅದರ ಸಾಮಾನು ಬರುವಷ್ಟರಲ್ಲಿ ಮದುಮಗಳಿಗೆ ಗ್ಯಾರೇಜಿನವನ ಮೇಲೆ ಮನಸ್ಸಾಗುತ್ತದೆ. ಮೂರು ಕಾಸಿನ ಕಥೆ. ಆದರೆ ಜನ ಹುಚ್ಚೆದ್ದು ನೋಡಿದರು. ನೋಡಿದವರೇ ಮತ್ತೆ ನೋಡಿದರು.

ಯಾಕೆ ಅಂತ ನಾನು ಬಾಗಿಲಲ್ಲಿ ನಿಂತು ತುಂಬ ಯೋಚನೆ ಮಾಡಿದ್ದೇನೆ. ಕೇಳದ ಹಾಡನ್ನು ಕೇಳುವುದಕ್ಕೆ ಯಾರೂ ಬರುತ್ತಿರಲಿಲ್ಲ. ಗೊತ್ತಿರುವ ಹಾಡು ಗೊತ್ತಿಲ್ಲದ ಜಾಗದಲ್ಲಿ ಬಂದು ಎದುರಾಗಬೇಕು, ಅದೇ ಖುಷಿ. ನಮ್ಮ ತಾತನದು ಬಹಳ ಗಂಭೀರವಾದ ಹಾಡು. ಪಾಲಾಕ್ಷ ಅದನ್ನು ಬೀಗರ ಪಂಚೆ ಬಸ್ಸಿನ ಬಾಗಿಲಿಗೆ ಸಿಕ್ಕಿಕೊಳ್ಳುವ ಜಾಗಕ್ಕೆ ಹಾಕಿದ. ನಮ್ಮ ಅಜ್ಜಿ ಎದ್ದು ನಿಂತು, ಸೆರಗು ಬಾಯಿಗೆ ಒತ್ತಿಕೊಂಡು, ನಕ್ಕಿದ್ದೂ ನಕ್ಕಿದ್ದೇ. ನಗುತ್ತ ನಗುತ್ತ ಅತ್ತಳು.

ಎದ್ದು ನಿಂತು ಅಂದೆನಲ್ಲ, ಅದು ತಾನಾಗಿ ಹುಟ್ಟಿಕೊಂಡ ಪದ್ಧತಿ. ಪರದೆಯ ಮೇಲೆ ಯಾರ ಹಾಡು ಶುರುವಾಗುತ್ತದೋ ಅವರ ಮನೆಯವರು ಕತ್ತಲಲ್ಲಿ ಎದ್ದು, ಮುಗಿಯುವ ತನಕ ನಿಂತಿರುತ್ತಾರೆ. ಹಿಂದೆ ಕೂತವರಿಗೆ ಪಿಕ್ಚರ್ ಕಾಣದಿದ್ದರೂ ಗೊಣಗುವುದಿಲ್ಲ, ಅವರ ಸರದಿ ಆಮೇಲೆ ಬರುತ್ತದೆ. ಸತ್ತವರು ಒಂದು ಘಳಿಗೆ ಬಂದು ಹೋದರು ಅಂತಲೇ ಲೆಕ್ಕ.

ಲಿಂಗಾಜಮ್ಮ ಟೀಚರ್ ಪ್ರತಿ ವಾರ ಬರುತ್ತಿದ್ದರು. ಒಂದು ಸಲವೂ ನಿಂತಿರಲಿಲ್ಲ. ಅವರ ಗಂಡ ಬೋರಲಿಂಗಯ್ಯ ನಲ್ಲಿ ನೀರು ಬಿಡುತ್ತಿದ್ದ ಮನುಷ್ಯ. ಯಾರ ಬಾಯಿಗೂ ಬೀಳದೆ, ಯಾರನ್ನೂ ಬಾಯಿಗೆ ಹಾಕಿಕೊಳ್ಳದೆ ಬದುಕಿ ಹೋದ. ಹಾಡೂ ಅವನ ಹಾಗೆಯೇ, ಏರಿಲ್ಲ, ಇಳಿವಿಲ್ಲ.

ಕೊಡ ತುಂಬ್ತು, ಕೊಡ ತುಂಬ್ತು, ಇಳಿಸಿಕೊಳ್ಳೋರಿಲ್ಲ. ಬಾಗ್ಲು ತೆಗೆದೈತೆ, ಬಾಗ್ಲು ತೆಗೆದೈತೆ, ಒಳಗೆ ಬರೋರಿಲ್ಲ.

ಹೀಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಹನ್ನೊಂದನೆಯ ದಿನ ಟೀಚರ್ ಒಬ್ಬರೇ ಬೀದಿಯಲ್ಲಿ ನಿಂತು ಹಾಡಿದಾಗ ಜನ ತಲೆಯಾಡಿಸಿದರು, ಮನೆಗೆ ಹೋದರು, ಮರೆತರು. ಪಾಲಾಕ್ಷ ಅದನ್ನು ಪಿಕ್ಚರಿಗೆ ತೆಗೆದುಕೊಳ್ಳಲಿಲ್ಲ. ಟೀಚರ್ ದಿನಾ ಸಂಜೆ ದೀಪ ಹಚ್ಚಿ ಜಗಲಿಯಲ್ಲಿ ಕೂತು ಅದನ್ನು ಒಮ್ಮೆ ಹಾಡಿಕೊಳ್ಳುತ್ತಿದ್ದರು. ಮಕ್ಕಳಿಲ್ಲ. ಆ ಹಾಡಿಗೆ ಊರಿನಲ್ಲಿದ್ದ ಬಾಯಿ ಅದೊಂದೇ.

ಅವರ ಸ್ವಂತ ಹಾಡಿನ ವಿಚಾರ ಬೇರೆ. ಬಾಲವಾಡಿಯಲ್ಲಿ ಊಟದ ಮೇಲೆ ಮಕ್ಕಳನ್ನು ಚಾಪೆಯಲ್ಲಿ ಸಾಲಾಗಿ ಮಲಗಿಸಿ ಟೀಚರ್ ತಮ್ಮ ಹಾಡು ಹಾಡುತ್ತಿದ್ದರು, ಇರುವೆ ಸಾಲು ಹೊರಟೈತೆ, ಸಕ್ಕರೆ ಊರು ಎಲ್ಲೈತೆ, ಅಂತ. ನಾನೂ ಆ ಚಾಪೆಯಲ್ಲಿ ಮಲಗಿದವನು. ಈಗ ಮೀಸೆ ನರೆತವರಿಂದ ಹಿಡಿದು ನಿನ್ನೆ ಮೊನ್ನೆ ಶಾಲೆಗೆ ಸೇರಿದವರ ತನಕ ಊರಿಗೆ ಊರೇ ಅದನ್ನು ಕೇಳಿ ನಿದ್ದೆ ಹೋಗಿದೆ. ಎಲ್ಲರಿಗೂ ಬರುತ್ತದೆ, ಯಾರೂ ಹಾಡುವ ಹಾಗಿಲ್ಲ. ತುಟಿಯ ಮೇಲೆ ಬಂದರೂ ಕೊನೆಯ ಸಾಲಿಗೆ ಮುಂಚೆ ನುಂಗಿಕೊಳ್ಳುತ್ತಿದ್ದೆವು.

ಎರಡನೇ ಭಾಗ ಬೇಕು ಅಂತ ಊರು ಪಾಲಾಕ್ಷನ ಬೆನ್ನು ಹತ್ತಿತು. ಅವನು ಉಳಿದ ಹಾಡುಗಳನ್ನೆಲ್ಲ ಜಾಲಾಡಿದ. ಒಳ್ಳೆಯದೆಲ್ಲ ಮೊದಲ ಭಾಗಕ್ಕೆ ಹೋಗಿ ಈಗ ತಳ ಕಂಡಿತ್ತು. ಬಡ್ಡಿ ಸಣ್ಣಪ್ಪನದು, ಗೂರಲು ಅಜ್ಜಿಯದು, ಅರ್ಧಕ್ಕೇ ಮಾತು ಮರೆತುಹೋದ ಇನ್ನೊಬ್ಬರದು. ಒಂದು ದಿನ ಟಾಕೀಸಿನ ಎದುರು ಸೋಡಾ ಕುಡಿಯುತ್ತ ಅವನು ಹೇಳಿದ, "ಎರಡನೇ ಭಾಗ ಅಂದ್ರೆ ಬೀಗರು ಎರಡನೇ ಸಲ ಊಟಕ್ಕೆ ಬಂದ ಹಾಗೆ ಚೆನ್ನಿಗಪ್ಪ. ಅಡುಗೆ ಬೇರೆ ಇರ್ಬೇಕು, ಕೈರುಚಿ ಅದೇ ಇರ್ಬೇಕು. ಮೊದಲ್ನೇ ಸಲದ ಸಡಗರ ಇರಲ್ಲ, ಅದಕ್ಕೆ ಒಳಗೊಂದು ಸ್ವಲ್ಪ ನೋವಿರ್ಬೇಕು, ಆಗ್ಲೇ ನಕ್ಕಿದ್ದು ಸಾರ್ಥಕ. ಎಲ್ರಿಗೂ ಬರೋ ಒಂದು ಹಾಡು ಕೊನೆಗೆ ಸಿಕ್ಕಿದ್ರೆ ಮಿಕ್ಕಿದ್ದನ್ನ ಹೇಗೋ ನಿಭಾಯಿಸಬಹುದು."

"ಎಲ್ರಿಗೂ ಬರೋದು ಒಂದೇ," ಎಂದ ಸೋಡಾ ಅಂಗಡಿಯ ಮರಿಸ್ವಾಮಿ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾವು ಮೂವರೂ ಸುಮ್ಮನೆ ಬಾಲವಾಡಿಯ ದಿಕ್ಕಿಗೆ ನೋಡಿದೆವು.

ಅಲ್ಲಿಂದ ಶುರುವಾಯಿತು ನೋಡಿ. ಊರಿಗೆ ಟೀಚರ್ ಮೇಲೆ ಇದ್ದಕ್ಕಿದ್ದ ಹಾಗೆ ಅಕ್ಕರೆ ಉಕ್ಕಿತು. ಸೀನಿದರೆ ನಾಲ್ಕು ಮನೆಯಿಂದ ವಿಚಾರಿಸಿಕೊಳ್ಳುವವರು ಬಂದರು. ಮೆಟ್ಟಿಲಲ್ಲಿ ಎಡವಿದರು ಅಂತ ಸುದ್ದಿಯಾದ ದಿನ ಟಾಕೀಸಿನ ಮುಂದೆ ಜನ ಗುಂಪು ಕೂಡಿದ್ದರು, ಏನೂ ಆಗಿಲ್ಲವಂತೆ ಅಂತ ಗೊತ್ತಾದಾಗ ಒಂದು ನಿಟ್ಟುಸಿರು ಕೇಳಿಸಿತು. ಅದು ಸಮಾಧಾನದ್ದೋ ಬೇರೆಯದೋ ನಾನು ಹೇಳಲಾರೆ. ಅವರ ಸಾವನ್ನು ಯಾರೂ ಬಯಸಲಿಲ್ಲ, ಅವರು ಸತ್ತರೆ ಅಳದವರು ಯಾರೂ ಇರುತ್ತಿರಲಿಲ್ಲ. ಆದರೂ ಕಾಯುತ್ತಿದ್ದೆವು. ಟೀಚರ್ ದಡ್ಡಿಯಲ್ಲ. ಮರಿಸ್ವಾಮಿ ಒಂದು ಬೆಳಿಗ್ಗೆ ಶುಂಠಿ ಕಷಾಯ ತಂದಾಗ, "ಏನ್ ಮರಿ, ನಾಡಿ ನೋಡ್ಕೊಂಡು ಹೋಗಕ್ಕೆ ಬಂದ್ಯಾ? ಗಟ್ಟಿಯಾಗಿದೀನಿ ಅಂತ ಪಾಲಾಕ್ಷಂಗೆ ಹೇಳ್ಬಿಡು," ಎಂದರಂತೆ. ಅವನು ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಲೋಟ ಅಲ್ಲೇ ಬಿಟ್ಟು ಬಂದ.

ಇದೆಲ್ಲ ನಗುತ್ತ ನಡೆಯುತ್ತಿದ್ದ ದಿನಗಳಲ್ಲೇ ಒಂದು ಸಂಜೆ ಟೀಚರ್ ಜಗಲಿಯಲ್ಲಿ ಕೂತು, ಕೊಡ ತುಂಬ್ತು ಅಂತ ಹಾಡಿ, ಇಳಿಸಿಕೊಳ್ಳೋರಿಲ್ಲ ಅಂತ ಮುಗಿಸಿ, ಮುಂದಿನ ಸಾಲಿಗೆ ಬಾಯಿ ತೆರೆದರೆ ಸಾಲು ಇಲ್ಲ. ಮತ್ತೆ ಮೊದಲಿನಿಂದ ಹಾಡಿದರು. ಅಲ್ಲಿಗೇ ಬಂದು ನಿಂತಿತು. ಬಾಗಿಲಿನ ವಿಷಯ ಏನೋ ಇತ್ತು ಎನ್ನುವುದೂ ಅವರಿಗೆ ಹೊಳೆಯಲಿಲ್ಲ. ಎದ್ದು ಪಕ್ಕದ ಮನೆಗೆ ಹೋಗಿ, "ನಮ್ಮ ಯಜಮಾನ್ರ ಹಾಡಲ್ಲಿ ಕೊಡ ಆದ್ಮೇಲೆ ಏನ್ ಬತ್ತದೆ?" ಅಂತ ಕೇಳಿದರು. ಪಕ್ಕದ ಮನೆಯವಳಿಗೆ ಗೊತ್ತಿರಲಿಲ್ಲ. ಆಚೆ ಮನೆ, ಎದುರು ಮನೆ, ಬೋರಲಿಂಗಯ್ಯನ ಜೊತೆ ಪೈಪು ಹೊತ್ತು ತಿರುಗುತ್ತಿದ್ದ ಚಿಕ್ಕತಿಮ್ಮಯ್ಯನ ಮನೆ. ಎಲ್ಲರಿಗೂ ಮನುಷ್ಯ ನೆನಪಿದ್ದ, ಒಳ್ಳೆಯವನು ಎನ್ನುವುದೂ ನೆನಪಿತ್ತು. ಹಾಡು ಯಾರಿಗೂ ಇಲ್ಲ.

"ಪಾಪದ ಮನುಷ್ಯ ಕಣಮ್ಮ. ಯಾರು ಕೇಳಿದ್ರೂ ಇನ್ನೊಂದರ್ಧ ಗಂಟೆ ನೀರು ಬಿಡೋನು. ಹಾಡೊಂದು ಜ್ಞಾಪಕ ಇಲ್ಲ ನೋಡು," ಎಂದ ಚಿಕ್ಕತಿಮ್ಮಯ್ಯ.

ನನ್ನ ಮನೆಗೂ ಬಂದಿದ್ದರು. ನಾನೂ ಹನ್ನೊಂದನೆಯ ದಿನ ಬೀದಿಯಲ್ಲಿ ನಿಂತು ಕೇಳಿದ್ದವನೇ. ಎಷ್ಟು ತಿಣುಕಿದರೂ ನನಗೆ ಬರಲಿಲ್ಲ. ಅವರು, ಹೋಗ್ಲಿ ಬಿಡು ಚೆನ್ನಿಗ, ಅಂತ ತಿರುಗಿ ಹೋದರು. ಮಾರನೆಯ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಟೀಚರಿಗೆ ಆ ಸಾಲು ತಾನಾಗಿ ಬಂತಂತೆ. ಬಂದರೇನು, ಹೆದರಿಕೆ ಹೋಗಲಿಲ್ಲ. ತಾನು ಮರೆತರೆ, ತಾನು ಸತ್ತರೆ, ಗಂಡ ಇದ್ದ ಅನ್ನುವುದಕ್ಕೆ ಊರಿನಲ್ಲಿ ಒಂದು ಗುರುತೂ ಉಳಿಯುವುದಿಲ್ಲ. ಪಿಕ್ಚರಿನಲ್ಲಿ ಸೇರಿದ ಹಾಡು ಮಾತ್ರ ಯಾರು ಮರೆತರೂ ಉಳಿಯುತ್ತದೆ.

ಅವರೇ ಪಾಲಾಕ್ಷನ ಹತ್ತಿರ ಹೋದರು. ಅವನು ಟಾಕೀಸಿನ ಮೆಟ್ಟಿಲ ಮೇಲೆ ಕೂತಿದ್ದ, ನಾನು ಕಸ ಗುಡಿಸುತ್ತಿದ್ದೆ. "ನಮ್ಮ ಯಜಮಾನ್ರ ಹಾಡು ಎರಡನೇ ಭಾಗಕ್ಕೆ ಹಾಕಪ್ಪ," ಎಂದರು.

ಪಾಲಾಕ್ಷ ತಲೆ ಕೆರೆದುಕೊಂಡ. "ಅಮ್ಮ, ತಪ್ಪು ತಿಳೀಬೇಡಿ. ಇರೋದೇ ಮಂಕು ಹಾಡುಗಳು. ಇದೂ ಒಂದು ಸೇರಿದ್ರೆ ಜನ ಬೀಡಿ ಸೇದೋಕೆ ಅಂತ ಎದ್ದು ಹೋಗ್ತಾರೆ. ಎರಡನೇ ಭಾಗದಲ್ಲಿ ಎದ್ದು ಹೋದೋರು ವಾಪಸ್ ಬರಲ್ಲ."

"ಕೊನೇಲಿ ನಂದು ಇದ್ರೆ ಕೂರ್ತಾರಾ?"

ನನ್ನ ಕೈಯಲ್ಲಿ ಪೊರಕೆ ನಿಂತಿತು. ಪಾಲಾಕ್ಷ ಎದ್ದು ನಿಂತ. "ನೀವಿನ್ನೂ ಇದ್ದೀರಲ್ಲಮ್ಮ. ಅವಸರ ಏನಿದೆ. ನಿಮ್ಮ ಕಾಲ ಆದ್ಮೇಲೆ ಎರಡನ್ನೂ ಹಾಕೋಣ, ಮಾತು ಕೊಡ್ತೀನಿ."

"ಸತ್ತ ಮೇಲೆ ನಾನು ಎದ್ದು ನಿಲ್ಲಕ್ಕಾಯ್ತದಾ?" ಎಂದರು ಟೀಚರ್. "ಅವರ ಹಾಡು ಬಂದಾಗ ನಿಲ್ಲೋರು ನಾನೊಬ್ಬಳೇ ಇರೋದು ಕಣಪ್ಪ. ಬೇರೆಯೋರೆಲ್ಲ ಅವರವರ ಮನೆಯೋರಿಗೆ ನಿಲ್ಲೋದನ್ನ ಇಷ್ಟು ದಿನ ಕೂತು ನೋಡಿದೀನಿ. ಒಂದು ಸಲ ನಿಂತ್ರೆ ಸಾಕು."

ಪಾಲಾಕ್ಷ ಎಷ್ಟೋ ಹೇಳಿದ. ಟೀಚರ್ ಹಿಡಿದ ಪಟ್ಟು ಬಿಡಲಿಲ್ಲ. ನಾನೂ ಬೇಡ ಅಂದೆ, ಆದರೆ ಗಟ್ಟಿಯಾಗಿ ಹೇಳಲಿಲ್ಲ. ನನಗೂ ಎರಡನೇ ಭಾಗ ನೋಡುವ ಆಸೆಯಿತ್ತು ಎನ್ನುವುದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ.

ಟೀಚರ್ ಹುಡುಗಾಟದವರಲ್ಲ, ವಿಚಾರಿಸದೆ ಹೆಜ್ಜೆ ಇಡುವವರಲ್ಲ. ನೇರವಾಗಿ ಮೋರಿ ಕಟ್ಟೆಗೆ ಹೋಗಿ ಕೆಂಚಪ್ಪನ ಪಕ್ಕದಲ್ಲಿ ಕೂತು ಕೇಳಿದರು, "ಹಾಡು ಹೋದ್ರೆ ಏನಾಯ್ತದಪ್ಪ?"

ಕೆಂಚಪ್ಪ ಪ್ರಾಮಾಣಿಕವಾಗಿ ಯೋಚನೆ ಮಾಡಿದ. "ಏನೂ ಆಗಲ್ಲ ಕಣಮ್ಮ. ಊಟ ಸೇರ್ತದೆ, ನಿದ್ದೆ ಬತ್ತದೆ. ಎಲ್ಲ ಮಾಮೂಲಿ ಹಂಗೇ ಐತೆ."

"ನೋವು?"

"ಎಂಥದೂ ಇಲ್ಲ. ಎಲ್ರೂ ನನ್ನ ನೋಡಿ ಯಾಕೆ ಅಯ್ಯೋ ಅಂತಾರೋ ನಂಗೆ ಗೊತ್ತಾಗಲ್ಲ."

ಅವನು ಸುಳ್ಳು ಹೇಳಲಿಲ್ಲ. ಇಡೀ ಊರಿನಲ್ಲಿ ಕೇಳಬೇಕಾದವನು ಅವನೇ ಅಂತ ನಾವೆಲ್ಲ ಅಂದುಕೊಂಡೆವು, ಅನುಭವಸ್ಥ ಅಲ್ಲವೇ. ಅವನು ಎಷ್ಟು ವರ್ಷದಿಂದ ಟಾಕೀಸಿಗೆ ಕಾಲಿಟ್ಟಿಲ್ಲ, ಅವರಪ್ಪನ ಹಾಡು ಮೊದಲ ಭಾಗದಲ್ಲಿದ್ದರೂ ಯಾಕೆ ಬರಲಿಲ್ಲ ಅಂತ ಒಬ್ಬರಿಗಾದರೂ ಹೊಳೆಯಲಿಲ್ಲ. ಬಾಗಿಲಲ್ಲಿ ನಿಲ್ಲುವ ನನಗೇ ಹೊಳೆಯಬೇಕಿತ್ತು.

ಪಿಕ್ಚರ್ ತೆಗೆಯುವುದು ಶುರುವಾಯಿತು. ಟೀಚರ್ ಹಾಡನ್ನು ಪರದೆಗೆ ಹಾಡಬೇಕಾದ ಹೆಂಗಸು ಕೊನೆಯ ಸಾಲಿಗೆ ಬಂದಾಗ ಎರಡು ಸಲ ನಿಲ್ಲಿಸಿಬಿಟ್ಟಳಂತೆ, ಮೂರನೆಯ ಸಲ ಪೂರ್ತಿ ಹಾಡಿದಳು. ಆ ಹೊತ್ತಿನಲ್ಲಿ ಟೀಚರ್ ಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ನಾನು ಹೋಗಿ ನೋಡಿದೆ. ಮುಖ ತೊಳೆದ ಹಾಗೆ ಪ್ರಸನ್ನವಾಗಿತ್ತು. "ಬಾ ಚೆನ್ನಿಗ, ಕಾಳು ಬಿಡಿಸು," ಎಂದರು. ಏನೂ ಆಗಿಲ್ಲ ಅಂತ ಬೀದಿಗೆಲ್ಲ ಹೇಳಿದೆ, ಬೀದಿಯೂ ನಿರಾಳವಾಯಿತು. ಅವತ್ತಿನಿಂದ ಸಂಜೆ ದೀಪ ಹಚ್ಚಿ ಜಗಲಿಯಲ್ಲಿ ಕೂರುತ್ತಿದ್ದರು, ಹಾಡುತ್ತಿರಲಿಲ್ಲ. ಯಾಕೆ ಟೀಚರಮ್ಮ ಅಂದರೆ, "ಇನ್ನೇನು ಭಯ ಇಲ್ಲವಲ್ಲ, ಪಿಕ್ಚರ್‌ನಲ್ಲಿ ಸೇರ್ತಲ್ಲ," ಎನ್ನುತ್ತಿದ್ದರು. ಆ ಮಾತು ಸರಿಯಾಗಿಯೇ ಇತ್ತು. ನಾವು ಒಪ್ಪಿಕೊಂಡೆವು.

ಬಿಡುಗಡೆಯ ದಿನ ಮಧ್ಯಾಹ್ನದ ಆಟಕ್ಕೆ ಊರೆಲ್ಲ ಬಂತು. ಟೀಚರ್ ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಬಾಗಿಲಲ್ಲೇ ನನ್ನ ತೋಳು ಹಿಡಿದು, "ನೀನು ನನ್ನ ಪಕ್ಕ ಕೂತ್ಕೋ ಚೆನ್ನಿಗ. ಏಳುವಾಗ ಮಂಡಿ ಹಿಡ್ಕೊತದೆ, ಕೈ ಕೊಡು," ಎಂದರು. ನಾನು ಬಾಗಿಲನ್ನು ಬೇರೆಯವರಿಗೆ ಬಿಟ್ಟು ಹೋಗಿ ಕೂತೆ.

ಪಾಲಾಕ್ಷ ಗೆದ್ದಿದ್ದ. ಮೊದಲ ಭಾಗದ ಮದುಮಗಳು ಈಗ ತಲೆ ನರೆತ ಹೆಂಗಸು, ಗ್ಯಾರೇಜಿನವನು ತೀರಿಕೊಂಡಿದ್ದಾನೆ, ಬಸ್ಸು ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿದೆ, ಮಗಳು ಅದೇ ಬಸ್ಸಿನಲ್ಲಿ ಗಂಡನ ಮನೆಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಹಳೆಯ ದಿಬ್ಬಣದವರೆಲ್ಲ ಮತ್ತೆ ಸೇರಿ ಬಸ್ಸು ತಳ್ಳಬೇಕು. ಬಡ್ಡಿ ಸಣ್ಣಪ್ಪನ ಹಾಡಿಗೆ ಜನ ಶಿಳ್ಳೆ ಹೊಡೆದರು, ಯಾರಿಗೂ ಬೇಡವಾಗಿದ್ದ ಸಣ್ಣಪ್ಪನ ಮಗ ಎದೆಯುಬ್ಬಿಸಿ ನಿಂತ. ಪರಿಚಯದ ಮುಖಗಳು ಮುದಿಯಾಗಿ ಬಂದದ್ದನ್ನು ನೋಡಿ ಜನ ಅವರನ್ನು ಹೆಸರು ಹಿಡಿದು ಕೂಗಿ ಕರೆದರು. ಇಂಥ ಖುಷಿ ಮೊದಲ ಭಾಗದಲ್ಲಿ ಇರಲಿಲ್ಲ.

ಆಮೇಲೆ ಬೋರಲಿಂಗಯ್ಯನ ಹಾಡು ಬಂತು. ಆ ನರೆತಲೆಯ ಹೆಂಗಸು ಬೆಳಿಗ್ಗೆ ಒಬ್ಬಳೇ ನಲ್ಲಿಯ ಹತ್ತಿರ ನಿಂತಿದ್ದಾಳೆ, ಕೊಡ ತುಂಬಿ ಹರಿಯುತ್ತಿದೆ. ಕೊಡ ತುಂಬ್ತು, ಕೊಡ ತುಂಬ್ತು, ಇಳಿಸಿಕೊಳ್ಳೋರಿಲ್ಲ. ಏರಿಲ್ಲದ, ಇಳಿವಿಲ್ಲದ ಆ ರಾಗ ಕಡೆಗೂ ತನ್ನ ಜಾಗಕ್ಕೆ ಬಂದು ಕೂತಿತು. ಒಬ್ಬರೂ ಬೀಡಿಗೆ ಏಳಲಿಲ್ಲ. ಚಿಕ್ಕತಿಮ್ಮಯ್ಯ ಬಿಕ್ಕಿದ್ದು ಕೇಳಿಸಿತು. ಜನ ಒಬ್ಬೊಬ್ಬರೇ ನಮ್ಮ ಸಾಲಿನ ಕಡೆ ತಿರುಗಿದರು. ನಾನು ಕೈ ಚಾಚಿದೆ.

ಟೀಚರ್ ನನ್ನ ಕೈ ನೋಡಿದರು. "ಏನ್ ಬೇಕಪ್ಪ?"

"ಏಳಿ ಟೀಚರಮ್ಮ. ಬಂತು."

"ಏನು ಬಂತು?"

"ಹಾಡು."

ಅವರು ಪರದೆ ನೋಡಿದರು, ಕಣ್ಣು ಕಿರಿದು ಮಾಡಿ ನೋಡಿದರು. "ಆ ಹೆಂಗಸು ಬಾಯಿ ಆಡಿಸ್ತಾವ್ಳೆ. ಮಿಷನ್ನು ಗರ್ ಅನ್ನೋದ್ರಲ್ಲಿ ಏನೂ ಕೇಳಿಸ್ತಾ ಇಲ್ಲ. ಮುಂಚೆಯಿಂದ್ಲೂ ಹಿಂಗೇ ಐತಲ್ಲ, ರಿಪೇರಿ ಮಾಡ್ಸಬಾರ್ದಾ," ಎಂದರು.

ಮಿಷನ್ನು ಸರಿಯಾಗಿಯೇ ಇತ್ತು. ಆಗ ನನಗೆ ಕೆಂಚಪ್ಪನ ಸಂಗತಿ ಅರ್ಥವಾಯಿತು, ಹಾಡು ಬಿಟ್ಟುಹೋದವರ ಕಿವಿಗೆ ಯಾರ ಹಾಡೂ ಬೀಳುವುದಿಲ್ಲ. ನನ್ನ ಕೈ ಹಾಗೇ ಚಾಚಿಕೊಂಡಿತ್ತು. ನಾನಾದರೂ ಎದ್ದು ನಿಲ್ಲಲೇ ಅಂತ ಅರ್ಧ ಎದ್ದೆ, ಮನೆಯವನಲ್ಲ, ನಿಲ್ಲುವ ಹಾಗಿಲ್ಲ, ಕೂತೆ. ಬಾಗ್ಲು ತೆಗೆದೈತೆ, ಒಳಗೆ ಬರೋರಿಲ್ಲ, ಅಂತ ಹಾಡು ಮುಗಿಯಿತು. ತುಂಬಿದ ಟಾಕೀಸಿನಲ್ಲಿ ಒಬ್ಬರೂ ನಿಂತಿರಲಿಲ್ಲ. ಅಂಥ ನಾಚಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲಿನ ಕಥೆ ನನಗೆ ನೆನಪಿಲ್ಲ. ಟೀಚರ್ ಆಗಾಗ ನನ್ನ ಕಡೆ ಬಾಗಿ, "ಇನ್ನೂ ಅವರದ್ದು ಬರ್ಲಿಲ್ವಲ್ಲ ಚೆನ್ನಿಗ," ಎನ್ನುತ್ತಿದ್ದರು. ನಾನು, ಬರುತ್ತೆ ಕೂತ್ಕೊಳ್ಳಿ, ಎನ್ನುತ್ತಿದ್ದೆ. ಸೀರೆಯ ಸೆರಗು ಸರಿಮಾಡಿಕೊಂಡು, ಕುರ್ಚಿಯ ತುದಿಗೆ ಬಂದು, ಏಳುವುದಕ್ಕೆ ಸಿದ್ಧವಾಗಿಯೇ ಕೂತಿದ್ದರು.

ಕೊನೆಗೆ ಬಸ್ಸು ಹೊರಟಿತು. ಮಗಳು ಕಿಟಕಿಯಿಂದ ಕೈ ಬೀಸಿದಳು, ತಾಯಿ ಧೂಳಿನಲ್ಲಿ ನಿಂತು, ಇರುವೆ ಸಾಲು ಹೊರಟೈತೆ, ಅಂತ ಎತ್ತಿಕೊಂಡಳು. ಮುಂದಿನ ಸಾಲಿನಲ್ಲಿ ಮರಿಸ್ವಾಮಿ ಎದ್ದ. ಅವನೇನು ಟೀಚರ್ ಮನೆಯವನಲ್ಲ. ಆದರೂ ಎದ್ದ. ಅವನ ಹಿಂದೆ ಇನ್ನೊಬ್ಬರು, ಆಚೆ ಈಚೆ ಮತ್ತಷ್ಟು ಜನ, ಆ ಚಾಪೆಯಲ್ಲಿ ಮಲಗಿದ್ದ ಎಲ್ಲರೂ. ಕುರ್ಚಿಗಳು ಪಟಪಟ ಮಡಚಿಕೊಂಡವು. ಇಷ್ಟು ವರ್ಷ ನುಂಗಿಕೊಂಡಿದ್ದ ಹಾಡನ್ನು ಊರು ಗಟ್ಟಿಯಾಗಿ ಹಾಡಿತು, ಕೊನೆಯ ಸಾಲಿಗೂ ನಿಲ್ಲಿಸಲಿಲ್ಲ. ಹಾಡುತ್ತ ಎಲ್ಲರೂ ಅಳುತ್ತಿದ್ದರು. ಇವತ್ತಿಗೂ ಊರಿನಲ್ಲಿ ಕೇಳಿ ನೋಡಿ, ಮೊದಲನೆಯದಕ್ಕಿಂತ ಎರಡನೇ ಭಾಗವೇ ಚೆಂದ ಅನ್ನುತ್ತಾರೆ.

ನಾನೊಬ್ಬ ಎದ್ದಿರಲಿಲ್ಲ. ಟೀಚರ್ ಸುತ್ತ ನೋಡಿದರು. ಬಾಯಿ ತೆರೆದು ನಿಂತ ಊರನ್ನು, ಒದ್ದೆ ಮುಖಗಳನ್ನು, ಒಬ್ಬೊಬ್ಬರನ್ನೂ ಚಾಪೆಯ ಮೇಲೆ ಮಲಗಿದ್ದ ಮಕ್ಕಳನ್ನು ನೋಡುವ ಹಾಗೆ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು, "ಎಲ್ಲ ನಿಂತವ್ರಲ್ಲ. ನಮ್ಮ ಯಜಮಾನ್ರದ್ದಾ?"

"ಹೂಂ ಟೀಚರಮ್ಮ," ಎಂದೆ. "ಅವರದ್ದೇ."

ಅವರು ನನ್ನ ಕೈ ಹಿಡಿದು ಎದ್ದರು. ಮಂಡಿ ಹಿಡಿದುಕೊಂಡಿತು, ಸ್ವಲ್ಪ ಹೊತ್ತು ಹಿಡಿಯಿತು, ನೆಟ್ಟಗೆ ನಿಂತರು. ಪರದೆಯ ಬೆಳಕಿನಲ್ಲಿ ಆ ಮುಖ ನಾನು ಎಂದೂ ಕಾಣದಷ್ಟು ಕಳೆಕಳೆಯಾಗಿತ್ತು.

"ಅವರಿಗೆ ಇಷ್ಟು ಜನ ಇದ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ," ಎಂದರು.